ಮೇಪಲ್ ಮೋಟಿನಿಂದ ಬೋನ್ಸಾಯ್: ಬೇರಿನಿಂದ ಶುರು ಮಾಡಿ

ದಪ್ಪ ಬುಡದ ಮೇಪಲ್ ಗಿಡವನ್ನು ಗೇಣುದ್ದಕ್ಕೆ ಕತ್ತರಿಸಿ ಪೆಟ್ಟಿಗೆಯಲ್ಲಿ ನೆಟ್ಟರೆ ಮೂರು ನಾಲ್ಕು ವಾರದಲ್ಲಿ ಚಿಗುರೊಡೆಯುತ್ತದೆ. ಮೋಟುಗಳು ಹೆಚ್ಚಾಗಿ ಸಾಯುವುದು ಈ ಚಿಗುರು ಬಂದ ಮೇಲೆಯೇ. ಚಿಗುರು ಕಂಡ ಖುಷಿಯಲ್ಲಿ ಗೊಬ್ಬರ ಹಾಕುತ್ತಾರೆ, ಬಿಸಿಲಿಗೆ ಇಡುತ್ತಾರೆ, ಬೇಡದ ಚಿಗುರು ಅಂತ ಒಂದೆರಡು ಚಿವುಟುತ್ತಾರೆ. ಆದರೆ ಆ ಎಲೆಗಳೆಲ್ಲ ಕಾಂಡದಲ್ಲಿ ಕೂಡಿಟ್ಟಿದ್ದ ಹಳೆಯ ಸಕ್ಕರೆಯ ಮೇಲೆ ಬಂದವು. ಕೆಳಗೆ ಇನ್ನೂ ಒಂದು ಹೊಸ ಬೇರೂ ಹುಟ್ಟಿರುವುದಿಲ್ಲ. ಮೊದಲ ಬಿಸಿ ದಿನ ಬಂದಾಗ ಎಲೆ ಕೇಳುವಷ್ಟು ನೀರು ಕೊಡಲು ಕೆಳಗೆ ಯಾರೂ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಚಿಗುರೆಲ್ಲ ಬಾಡಿ ಜೋತು ಬೀಳುತ್ತದೆ.

ಹಾಗಾಗಿ ಈ ಕೆಲಸಕ್ಕೆ ಒಂದು ಕ್ರಮ ಇದೆ, ಅದನ್ನು ತಿರುವುಮುರುವು ಮಾಡಲು ಬರುವುದಿಲ್ಲ: ಮೊದಲು ಬೇರು, ಆಮೇಲೆ ಕಾಂಡ, ಆಮೇಲೆ ಕೊಂಬೆ, ಕಟ್ಟಕಡೆಗೆ ಸಣ್ಣ ರೆಂಬೆ ಮತ್ತು ಎಲೆ. ಮೋಟು ನೆಟ್ಟ ದಿನದಿಂದ ಅದು ಬೋನ್ಸಾಯ್ ಕುಂಡ ಸೇರುವವರೆಗೆ ಹತ್ತು ವರ್ಷ ಹಿಡಿಯುತ್ತದೆ ಎಂದುಕೊಂಡೇ ಕೈ ಹಾಕಿ. ಮೇಲಿನ ಹಂತಕ್ಕೆ ಆತುರಪಟ್ಟು ಹೋದವರು ಕೆಳಗಿನ ತಪ್ಪನ್ನು ಸರಿಮಾಡಲು ಮತ್ತೆ ಶುರುವಿಗೆ ಬರಬೇಕಾಗುತ್ತದೆ.

ಯಾವ ಮೋಟು

ಈ ಕೆಲಸಕ್ಕೆ ಟ್ರೈಡೆಂಟ್ ಮೇಪಲ್‌ನಷ್ಟು ಒಗ್ಗುವ ಜಾತಿ ಇನ್ನೊಂದಿಲ್ಲ. ಏಸರ್ ಬ್ಯುರ್ಗೇರಿಯಾನಮ್ ಎಂಬುದು ಅದರ ಸಸ್ಯಶಾಸ್ತ್ರೀಯ ಹೆಸರು. ಬಾತುಕೋಳಿಯ ಪಾದದಂತೆ ಮೂರು ಹಾಲೆಯ ಎಲೆ. ಹಳೆಯ ತೊಗಟೆಯಿಂದಲೂ ಚಿಗುರುತ್ತದೆ, ದೊಡ್ಡ ಗಾಯವನ್ನು ಬೇಗ ಮುಚ್ಚುತ್ತದೆ, ಬೇರನ್ನು ಎಷ್ಟು ಕತ್ತರಿಸಿದರೂ ಮತ್ತೆ ಬಿಡುತ್ತದೆ, ಬೇಸಿಗೆಯ ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಜಪಾನೀಸ್ ಮೇಪಲ್, ಅಂದರೆ ಏಸರ್ ಪಾಮೇಟಮ್, ನೋಡಲು ಇನ್ನೂ ನಾಜೂಕು. ಆದರೆ ಅದರ ಗಾಯ ಮಾಯುವುದು ನಿಧಾನ, ಕತ್ತರಿಸಿದ ಜಾಗದಿಂದ ಕೆಳಗಿನ ಗೆಣ್ಣಿನವರೆಗೆ ಒಣಗುವ ಗುಣವೂ ಇದೆ. ಮೊದಲ ಸಲ ಮಾಡುವವರು ಜಪಾನೀಸ್ ಮೇಪಲ್ ತೆಗೆದುಕೊಳ್ಳುವುದಾದರೆ ಕತ್ತರಿಸುವ ಜಾಗದಲ್ಲಿ ಕಾಂಡ 3 ಸೆಂ.ಮೀ.ಗಿಂತ ದಪ್ಪ ಇರದಂತೆ ನೋಡಿಕೊಳ್ಳುವುದು ಕ್ಷೇಮ. ಫೀಲ್ಡ್ ಮೇಪಲ್ ಮತ್ತು ಅಮುರ್ ಮೇಪಲ್ ಎರಡೂ ಗಟ್ಟಿ ಜೀವ, ಚಳಿಗೆ ಜಗ್ಗುವುದಿಲ್ಲ. ಯಾವ ಜಾತಿಯಾದರೂ ಇವು ಎಲೆ ಉದುರಿಸಿ ಚಳಿಗಾಲದಲ್ಲಿ ಮಲಗುವ ಮರಗಳು. ಚಳಿಯೇ ಬೀಳದ ಊರಿನಲ್ಲಿ ಮನೆಯೊಳಗಿಟ್ಟು ಬೆಳೆಸಿದರೆ ಎರಡು ಮೂರು ವರ್ಷದಲ್ಲಿ ಸೊರಗುತ್ತವೆ.

ಕೆಂಪು ಎಲೆಯ, ಸೀಳು ಎಲೆಯ ಜಪಾನೀಸ್ ಮೇಪಲ್‌ಗಳು ಸಾಮಾನ್ಯವಾಗಿ ಕಸಿ ಕಟ್ಟಿದವು. ಬುಡದಿಂದ ಒಂದು ಗೇಣಿನೊಳಗೆ ತೊಗಟೆಯ ಬಣ್ಣ ಅಥವಾ ದಪ್ಪ ಥಟ್ಟನೆ ಬದಲಾಗಿದೆಯೇ ನೋಡಿ. ಅದೇ ಕಸಿಯ ಗಂಟು. ಅದಕ್ಕಿಂತ ಕೆಳಗೆ ಕತ್ತರಿಸಿದರೆ ಮುಂದೆ ಬರುವುದು ಕೆಳಗಿನ ಮಾಮೂಲಿ ಹಸಿರು ಗಿಡದ ಚಿಗುರು. ಗಂಟಿಗಿಂತ ಮೇಲೆ ಕತ್ತರಿಸಿದರೆ ಆ ಗಂಟು ಕಾಂಡದ ಮೇಲೆ ಎಂದೆಂದಿಗೂ ಕಾಣುತ್ತದೆ. ಮೋಟಿಗೆ ಬೀಜದಿಂದ ಅಥವಾ ಕಡ್ಡಿಯಿಂದ ಬೆಳೆದ ಗಿಡವೇ ಸರಿ.

ಗಿಡ ಆರಿಸುವಾಗ ಎತ್ತರವನ್ನೂ ಕೊಂಬೆಯನ್ನೂ ನೋಡಬೇಡಿ, ಅವೆರಡೂ ಹೋಗುವಂಥವು. ಬುಡದ ಮಣ್ಣನ್ನು ಬೆರಳಿಂದ 3-4 ಸೆಂ.ಮೀ. ಕೆದಕಿ. ಕಾಂಡ ಅಗಲವಾಗಿ ಬೇರಾಗಿ ಹರಡುವ ಜಾಗ ಅಲ್ಲಿ ಸಿಗುತ್ತದೆ. ಅದಕ್ಕೆ ನೆಬಾರಿ ಎನ್ನುತ್ತಾರೆ. ಸುತ್ತಲೂ ಮೂರು ನಾಲ್ಕು ದಿಕ್ಕಿಗೆ ಬೇರು ಹೋಗಿದ್ದರೆ ಅರ್ಧ ಕೆಲಸ ಆದಂತೆ. ಎಲ್ಲ ಬೇರೂ ಒಂದೇ ಕಡೆ ಇದ್ದರೂ ಬಿಡಬೇಕಿಲ್ಲ, ಅದಕ್ಕೆ ದಾರಿಯಿದೆ, ಮುಂದೆ ಹೇಳಿದೆ. ಕಾಂಡದ ನಾಲ್ಕೂ ಕಡೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಒದ್ದೆಯಾದ ಹಸಿರು ಕಾಣಬೇಕು. ಒಂದು ಪಕ್ಕ ಕಂದು ಬಣ್ಣದಲ್ಲಿ ಒಣಗಿದ್ದರೆ ಆ ಪಕ್ಕದಲ್ಲಿ ಚಿಗುರೂ ಬರದು, ಬೇರೂ ಬರದು.

ಎಲ್ಲಿ ಕತ್ತರಿಸಬೇಕು

ಮರ ಕೊನೆಗೆ ಎಷ್ಟು ಎತ್ತರ ಇರಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕು, ಏಕೆಂದರೆ ಮೊದಲ ಕಡಿತ ಆ ಲೆಕ್ಕದ ಮೇಲೆ ನಿಂತಿದೆ. ಬುಡದ ದಪ್ಪದ ಆರು ಪಟ್ಟು ಎತ್ತರ ಎನ್ನುವುದು ಎಲ್ಲರೂ ಬಳಸುವ ಅಳತೆ. ಬುಡ 9 ಸೆಂ.ಮೀ. ದಪ್ಪ ಇದ್ದರೆ ಮರ ಸುಮಾರು 54 ಸೆಂ.ಮೀ. ಇನ್ನೂ ಗಿಡ್ಡ, ಭಾರಿ ಮರದ ಛಾಯೆ ಬೇಕಿದ್ದರೆ ನಾಲ್ಕು ಪಟ್ಟಿಗೂ ಇಳಿಸಬಹುದು. ಮೊದಲ ಕಡಿತವನ್ನು ಒಟ್ಟು ಎತ್ತರದ ಮೂರನೇ ಒಂದು ಭಾಗಕ್ಕೆ ಇಡಿ, ಅಂದರೆ 18 ಸೆಂ.ಮೀ.ಗೆ. ಅಲ್ಲಿಂದ ಮೇಲೆ ಬೆಳೆಸುವ ಪ್ರತಿ ತುಂಡೂ ಕೆಳಗಿನದರ ಮೂರನೇ ಎರಡು ಭಾಗ ಇರಲಿ: 18, 12, 8, 5 ಹೀಗೆ. ಕೂಡಿಸುತ್ತ ಹೋದರೆ ಮೊತ್ತ 54ರ ಹತ್ತಿರವೇ ಬಂದು ನಿಲ್ಲುತ್ತದೆ. ಕಾಂಡ ಮೇಲೆ ಹೋದಂತೆ ಸಣ್ಣಗಾಗುವುದು, ತಿರುವುಗಳು ಹತ್ತಿರ ಹತ್ತಿರ ಬರುವುದು, ಎರಡೂ ಈ ಒಂದು ಲೆಕ್ಕದಲ್ಲೇ ಸಿಗುತ್ತವೆ.

ಇನ್ನು ಗೆಣ್ಣು ಹುಡುಕುವ ಕೆಲಸ. ಕಾಂಡವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಹಿಡಿದು ನೋಡಿ. ಉಂಗುರ ತೆಗೆದ ಬೆರಳಿನಲ್ಲಿ ಗುರುತು ಉಳಿಯುವ ಹಾಗೆ ತೊಗಟೆಯ ಸುತ್ತ ತೆಳ್ಳನೆಯ ಅಡ್ಡಗೆರೆಗಳು ಕಾಣುತ್ತವೆ. ಅವು ಎಂದೋ ಎಲೆಗಳಿದ್ದ ಗೆಣ್ಣುಗಳು. ಮಲಗಿದ ಮೊಗ್ಗುಗಳು ಇರುವುದು ಆ ಗೆರೆಯ ಮೇಲೆ. ಮೇಪಲ್‌ನಲ್ಲಿ ಎಲೆ ಎದುರುಬದುರು ಜೋಡಿಯಾಗಿ ಬರುವುದರಿಂದ ಒಂದು ಗೆರೆಯಲ್ಲಿ ಎದುರುಬದುರು ಎರಡು ಮೊಗ್ಗು ಇರುತ್ತವೆ, ಅದರ ಮೇಲಿನ ಗೆರೆಯಲ್ಲಿ ಕಾಲುಸುತ್ತು ತಿರುಗಿ ಇನ್ನೆರಡು. ನೀವು ಲೆಕ್ಕ ಹಾಕಿದ ಎತ್ತರಕ್ಕೆ ಹತ್ತಿರದ ಗೆರೆಯನ್ನು ಆರಿಸಿ, ಅದರಿಂದ 2 ಸೆಂ.ಮೀ. ಮೇಲೆ ಕತ್ತರಿಸಿ. ಜಪಾನೀಸ್ ಮೇಪಲ್ ಆದರೆ 3-4 ಸೆಂ.ಮೀ. ಬಿಡಿ. ಹಳೆಯ ಟ್ರೈಡೆಂಟ್‌ನ ತೊಗಟೆ ಹೊಪ್ಪಳಿಕೆ ಎದ್ದು ಗೆರೆ ಕಾಣದಿದ್ದರೆ ಚಿಂತೆಯಿಲ್ಲ, ಅದು ಕಡಿತದ ಅಂಚಿನಿಂದಲೇ ಚಿಗುರುವಷ್ಟು ಗಟ್ಟಿ.

ಈಗ ಕತ್ತರಿಸುವುದು ನೇರ ಅಡ್ಡಕ್ಕೇ ಇರಲಿ. ಓರೆಯಾಗಿ ಕತ್ತರಿಸಿದರೆ ಚೆನ್ನಾಗಿ ಕಾಣುತ್ತದೆಂದು ಇವತ್ತೇ ಓರೆ ಕೊಯ್ಯುವುದು ತಪ್ಪು. ಮೊಗ್ಗು ಯಾವ ಪಕ್ಕದಲ್ಲಿ ಒಡೆಯುತ್ತದೆ ಎಂದು ನಿಮಗಿನ್ನೂ ಗೊತ್ತಿಲ್ಲ. ಓರೆಯ ಕೆಳಗಿನ ಪಕ್ಕದಲ್ಲೇ ಒಳ್ಳೆಯ ಮೊಗ್ಗು ಇತ್ತೆಂದರೆ ಅದು ಕಳೆದುಹೋಯಿತು.

ಕಾಲ: ಮೊಗ್ಗು ಉಬ್ಬಿ ಅದರ ಸಿಪ್ಪೆಯ ನಡುವೆ ಬಣ್ಣದ ಗೆರೆ ಕಾಣುವ, ಆದರೆ ಎಲೆ ಬಿಚ್ಚದ ಆ ಎರಡು ಮೂರು ವಾರ. ನಡು ಚಳಿಗಾಲದಲ್ಲಿ ಕತ್ತರಿಸಿದರೆ ಮೇಪಲ್‌ನ ಗಾಯದಿಂದ ತೊಟ್ಟು ತೊಟ್ಟಾಗಿ ರಸ ಸುರಿಯುತ್ತದೆ. ಅಷ್ಟಕ್ಕೇ ಮರ ಸಾಯುವುದು ಅಪರೂಪ, ಆದರೆ ಗಾಯ ವಾರಗಟ್ಟಲೆ ಒದ್ದೆಯಾಗಿದ್ದು, ಅದನ್ನು ಮುಚ್ಚಲು ಹಚ್ಚುವ ಪೇಸ್ಟ್ ಅಂಟುವುದಿಲ್ಲ, ಬೂಸು ಹಿಡಿಯುತ್ತದೆ. ಬೇರನ್ನೂ ಕಾಂಡವನ್ನೂ ಒಂದೇ ದಿನ ಕತ್ತರಿಸಿದರೆ ರಸ ಸೋರುವುದು ತುಂಬ ಕಡಿಮೆ, ಏಕೆಂದರೆ ರಸಕ್ಕೆ ನೀರು ಬರುವುದು ಬೇರಿನಿಂದಲೇ. ಆರೋಗ್ಯವಾದ ಟ್ರೈಡೆಂಟ್‌ಗೆ ಎರಡೂ ಒಟ್ಟಿಗೆ ಮಾಡಬಹುದು. ಜಪಾನೀಸ್ ಮೇಪಲ್‌ಗೆ ಮೊದಲ ವರ್ಷ ಬೇರು ಮಾತ್ರ ಮಾಡಿ. ಮರುವರ್ಷ ಮೊದಲ ಚಿಗುರು ಬಲಿತ ಮೇಲೆ, ಬೇಸಿಗೆಯ ಶುರುವಿನಲ್ಲಿ, ಕಾಂಡ ಕತ್ತರಿಸಿ.

ಗರಗಸ ಬಿಟ್ಟುಹೋದ ಒರಟು ಅಂಚನ್ನು ಹರಿತವಾದ ಚಾಕುವಿನಿಂದ ಸುತ್ತಲೂ ಸವರಿ ನಯ ಮಾಡಿ. ತೊಗಟೆಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ತೆಳುವಾದ ಹಸಿರು ಪದರ ಇದೆಯಲ್ಲ, ಕ್ಯಾಂಬಿಯಂ, ಗಾಯ ಮುಚ್ಚುವುದೂ ಹೊಸ ಬೇರು ಹುಟ್ಟುವುದೂ ಅದರಿಂದಲೇ. ಅದು ಜಜ್ಜಿಹೋದರೆ ಅಲ್ಲಿ ಏನೂ ಹುಟ್ಟುವುದಿಲ್ಲ. ಮೇಲೆ ಕಣಕದಂತಿರುವ ಗಾಯದ ಪೇಸ್ಟನ್ನು 2-3 ಮಿ.ಮೀ. ದಪ್ಪಕ್ಕೆ ಮೆತ್ತಿ. ದೊಡ್ಡ ಗಾಯಕ್ಕೆ ದ್ರವರೂಪದ ಪೇಸ್ಟ್ ಒಣಗಿ ಬಿರಿಯುತ್ತದೆ, ಅದು ಸಣ್ಣ ಕಡಿತಗಳಿಗೆ ಮಾತ್ರ ಸಾಕು. ಗರಗಸ, ಚಾಕು, ಕತ್ತರಿ ಎಲ್ಲವನ್ನೂ ಶೇ. 70ರ ಆಲ್ಕೋಹಾಲ್‌ನಲ್ಲಿ ಒರೆಸಿಯೇ ಮುಂದಿನ ಗಿಡ ಮುಟ್ಟಿ.

ಬೇರು

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಕಾಂಡದ ತಪ್ಪನ್ನು ಮತ್ತೆ ಕತ್ತರಿಸಿ ತಿದ್ದಬಹುದು. ಇವತ್ತು ಉಳಿಸಿದ ಕೆಟ್ಟ ಬೇರು ಹತ್ತು ವರ್ಷದ ಮೇಲೆ ಕೈಬೆರಳಿನಷ್ಟು ದಪ್ಪವಾಗಿ ಕಾಂಡದ ಬುಡದಲ್ಲಿ ಅಡ್ಡ ಮಲಗಿರುತ್ತದೆ.

ಮಣ್ಣನ್ನೆಲ್ಲ ಕೊಡವಿ, ನೀರಿನ ಪೈಪಿನಿಂದ ತೊಳೆದು ಬೇರು ಪೂರಾ ಕಾಣುವಂತೆ ಮಾಡಿ. ಈ ಹೊತ್ತಿನಲ್ಲಿ ಬೇರು ಒಣಗಬಾರದು. ನೆರಳಿನಲ್ಲಿ ಕೆಲಸ ಮಾಡಿ, ಐದು ನಿಮಿಷಕ್ಕೊಮ್ಮೆ ನೀರು ಚಿಮುಕಿಸಿ. ನೇರ ಕೆಳಕ್ಕೆ ಇಳಿದ ತಾಯಿಬೇರನ್ನೂ ಅದರ ಜೊತೆಯವನ್ನೂ ಗರಗಸದಿಂದ ಚಪ್ಪಟೆಯಾಗಿ ಕೊಯ್ದುಬಿಡಿ. ಪಕ್ಕಕ್ಕೆ ಹರಡಿದ ಬೇರುಗಳ ಕೆಳಗೆ 3 ಸೆಂ.ಮೀ.ಗಿಂತ ಹೆಚ್ಚು ಮರ ಉಳಿಯಬಾರದು. ಮೋಟನ್ನು ಮೇಜಿನ ಮೇಲೆ ಇಟ್ಟರೆ ಅಲುಗಾಡದೆ ಕೂರಬೇಕು, ಅಷ್ಟು ಚಪ್ಪಟೆ. ಪಕ್ಕದ ಬೇರುಗಳನ್ನು ಕಾಂಡದಿಂದ 6-7 ಸೆಂ.ಮೀ. ಬಿಟ್ಟು ಕತ್ತರಿಸಿ. ಬಹಳ ದಪ್ಪ ಇರುವುದನ್ನು ಇನ್ನೂ ಗಿಡ್ಡ ಮಾಡಿ. ಒಂದರ ಮೇಲೊಂದು ಹಾಯುವ ಬೇರು, ಸುತ್ತಿ ಬಂದು ಕಾಂಡವನ್ನೇ ಬಳಸುವ ಬೇರು, ಮೇಲ್ಮುಖವಾದ ಬೇರು, ಇವನ್ನು ಬುಡದಿಂದಲೇ ತೆಗೆಯಿರಿ. ಕತ್ತರಿಸಿದ ಪ್ರತಿ ತುದಿಯನ್ನೂ ಚಾಕುವಿನಿಂದ ನಯ ಮಾಡಿ, ಕೊಯ್ತದ ಮುಖ ಕೆಳಕ್ಕೆ ಇರಲಿ. ಹೊಸ ಬೇರು ಬೀಸಣಿಗೆಯಂತೆ ಆ ಅಂಚಿನಿಂದಲೇ ಹೊರಡುತ್ತದೆ.

ದಾರದಂಥ ಸಣ್ಣ ಬೇರುಗಳೆಲ್ಲ ಆಳದಲ್ಲೇ ಇದ್ದು, ಮೇಲಿನ ದಪ್ಪ ಬೇರುಗಳು ಬೋಳಾಗಿದ್ದರೆ ಒಂದೇ ಸಲಕ್ಕೆ ಕೊಯ್ಯಬೇಡಿ. ಈ ವರ್ಷ ಆಳದ ಅರ್ಧ ತೆಗೆದು, ಎರಡು ವರ್ಷ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಟ್ರೈಡೆಂಟ್ ಒಂದೂ ಸಣ್ಣ ಬೇರಿಲ್ಲದೆ ಬದುಕಿಕೊಳ್ಳುವುದುಂಟು, ಜಪಾನೀಸ್ ಮೇಪಲ್‌ಗೆ ಆ ಪಂದ್ಯ ಕಟ್ಟಬೇಡಿ.

ಬುಡದಡಿಗೆ ಒಂದು ಹಲಗೆ ಇಡುವುದು ಬಹಳ ಉಪಯೋಗದ ಉಪಾಯ. ಮೋಟಿಗಿಂತ ನಾಲ್ಕೈದು ಬೆರಳು ಅಗಲದ ಹಲಗೆ ತೆಗೆದುಕೊಂಡು, ಕೆಳಗಿನಿಂದ ಒಂದೆರಡು ತುಕ್ಕು ಹಿಡಿಯದ ಸ್ಕ್ರೂ ಹಾಕಿ ಮೋಟಿನ ಚಪ್ಪಟೆ ತಳಕ್ಕೆ ಬಿಗಿಯಿರಿ. ಬೇರು ಕೆಳಕ್ಕೆ ಇಳಿಯಲಾರದೆ ಹಲಗೆಯ ಮೇಲೆ ಸುತ್ತಲೂ ಹರಡುತ್ತದೆ. ಬುಡ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬರುತ್ತದೆ. ಹಲಗೆಯಿಂದ ಇನ್ನೊಂದು ಲಾಭ, ಮೋಟು ಅಲುಗುವುದಿಲ್ಲ. ಹೊಸ ಬೇರಿನ ತುದಿ ಮೊಳಕೆ ಕಾಳಿನ ಬಾಲದಷ್ಟು ಮೆದು. ಗಾಳಿಗೆ ಮೋಟು ಕೂದಲೆಳೆಯಷ್ಟು ಜರುಗಿದರೂ ಅದು ಮುರಿಯುತ್ತದೆ. ಹಲಗೆ ಇದ್ದರೂ ಇಲ್ಲದಿದ್ದರೂ 2-3 ಮಿ.ಮೀ. ಅಲ್ಯೂಮಿನಿಯಂ ತಂತಿಯಿಂದ ಮೋಟನ್ನು ಪೆಟ್ಟಿಗೆಗೆ ಬಿಗಿದು ಕಟ್ಟಿ. ತಂತಿ ತೊಗಟೆಗೆ ತಾಗುವಲ್ಲಿ ರಬ್ಬರ್ ತುಂಡು ಇಡಿ. ಮೋಟು ಹಿಡಿದು ಎತ್ತಿದರೆ ಪೆಟ್ಟಿಗೆಯೂ ಜೊತೆಗೆ ಏಳಬೇಕು.

ಪೆಟ್ಟಿಗೆ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಮೊದಲ ವರ್ಷಕ್ಕೆ ಹೊಂದುವುದಿಲ್ಲ. ಬೇರಿಲ್ಲದ ಜಾಗದ ಮಣ್ಣು ಒಣಗುವುದೇ ಇಲ್ಲ, ಕೊಯ್ದ ಬೇರು ಅಲ್ಲಿ ಕೊಳೆಯುತ್ತದೆ. ಬೇರಿನ ತುದಿಯಿಂದ ಸುತ್ತಲೂ 5-6 ಸೆಂ.ಮೀ. ಜಾಗ ಸಾಕು. ನಮ್ಮ 9 ಸೆಂ.ಮೀ. ಬುಡದ ಮೋಟಿಗೆ ಸುಮಾರು 35 ಸೆಂ.ಮೀ. ಅಗಲ, 12 ಸೆಂ.ಮೀ. ಆಳದ ಮರದ ಪೆಟ್ಟಿಗೆ. ತಳದಲ್ಲಿ ಧಾರಾಳ ತೂತುಗಳಿರಲಿ, ಅವುಗಳ ಮೇಲೆ ಜಾಲರಿ.

ಮಣ್ಣಿನ ಬದಲು ಕಾಳಿನಂಥ ಮಿಶ್ರಣ ಬೇಕು: ಎರಡು ಪಾಲು ಪ್ಯೂಮಿಸ್ (ಹಗುರವಾದ, ತೂತು ತೂತಾದ ಜ್ವಾಲಾಮುಖಿ ಕಲ್ಲು), ಒಂದು ಪಾಲು ಅಕದಾಮ (ಕಾಳಿನಂತಿರುವ ಜಪಾನಿನ ಜೇಡಿಮಣ್ಣು), ಕಾಳಿನ ಗಾತ್ರ 3ರಿಂದ 6 ಮಿ.ಮೀ. ಅಕದಾಮ ಸಿಗದಿದ್ದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಚೂರು ಅಥವಾ ಲಾವಾ ಕಲ್ಲು, ಜೊತೆಗೆ ಜರಡಿ ಹಿಡಿದ ಪೈನ್ ತೊಗಟೆಯ ಚೂರು ಸ್ವಲ್ಪ. ಏನೇ ಬಳಸಿ, 2 ಮಿ.ಮೀ.ಗಿಂತ ಸಣ್ಣ ಪುಡಿಯನ್ನು ಜರಡಿಯಲ್ಲಿ ತೆಗೆದುಬಿಡಿ. ಆ ಪುಡಿ ನೀರಿನ ಜೊತೆ ಇಳಿದು ತಳದಲ್ಲಿ ಕೆಸರಾಗಿ ಕೂರುತ್ತದೆ, ಗಾಳಿ ಆಡದೆ ಬೇರು ಕೊಳೆಯುತ್ತದೆ. ಮಿಶ್ರಣವನ್ನು ಕಡ್ಡಿಯಿಂದ ಚುಚ್ಚುತ್ತ ಬೇರುಗಳ ನಡುವೆ ಇಳಿಸಿ, ಟೊಳ್ಳು ಉಳಿಯಬಾರದು. ಬೇರಿನ ಹೆಗಲು 1-2 ಸೆಂ.ಮೀ. ಮುಚ್ಚಿರಲಿ. ನೆಬಾರಿ ಕಾಣಲಿ ಎಂದು ಈಗಲೇ ತೆರೆದಿಟ್ಟರೆ ಮೇಲಿನ ಬೇರು ಒಣಗುತ್ತದೆ. ಮೇಲೆ ತೆಳ್ಳಗೆ ಸ್ಫ್ಯಾಗ್ನಮ್ ಪಾಚಿ ಹರಡಿ, ತಳದಿಂದ ತಿಳಿ ನೀರು ಬರುವವರೆಗೆ ನೀರು ಹಾಕಿ.

ಮೊದಲ ವರ್ಷ ಕೈ ಕಟ್ಟಿಕೊಳ್ಳಿ

ಗಾಳಿ ಬೀಸದ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಾಗದಲ್ಲಿ ಪೆಟ್ಟಿಗೆ ಇಡಿ. ಎಲೆಯಿಲ್ಲದ ಮೋಟು ನೀರು ಕುಡಿಯುವುದೇ ಕಡಿಮೆ. ಬೆರಳನ್ನು 2 ಸೆಂ.ಮೀ. ಇಳಿಸಿ ನೋಡಿ, ಅಲ್ಲಿ ಒಣಗುತ್ತ ಬಂದಿದ್ದರೆ ಮಾತ್ರ ನೀರು. ಕಾಂಡಕ್ಕೆ ದಿನಕ್ಕೆರಡು ಸಲ ನೀರು ಸಿಂಪಡಿಸಿದರೆ ಮೊಗ್ಗು ಒಡೆಯಲು ಅನುಕೂಲ. ಬಿಡದೆ ಮಳೆ ಹಿಡಿದರೆ ಪೆಟ್ಟಿಗೆಯ ಒಂದು ಪಕ್ಕಕ್ಕೆ ಇಟ್ಟಿಗೆ ಕೊಟ್ಟು ವಾಲಿಸಿ, ನಿಂತ ನೀರು ಕೆಳಗಿನ ಮೂಲೆಯಿಂದ ಬಸಿದುಹೋಗುತ್ತದೆ.

ಮೊದಲ ಚಿಗುರು 5-10 ಸೆಂ.ಮೀ. ಬೆಳೆದು ಥಟ್ಟನೆ ನಿಲ್ಲುತ್ತದೆ. ಆಗ ಗಾಬರಿ ಬೇಡ. ಕೂಡಿಟ್ಟ ಸಕ್ಕರೆ ಮುಗಿದಿದೆ, ಈಗ ಎಲೆಗಳು ದುಡಿದು ಬೇರಿಗೆ ಕಳಿಸುತ್ತಿವೆ. ಈ ಮೌನ ನಾಲ್ಕರಿಂದ ಆರು ವಾರ ಇರಬಹುದು. ಆಮೇಲೆ ಅದೇ ಚಿಗುರಿನ ತುದಿಯಿಂದ ಎರಡನೇ ಸಲ ಹೊಸ ಎಲೆ ಜೋಡಿ ಹೊರಬಂದರೆ ಬೇರು ಹಿಡಿಯಿತೆಂದು ನಂಬಬಹುದು. ಪೆಟ್ಟಿಗೆಯ ತೂತುಗಳಲ್ಲಿ ಬಿಳಿ ಬೇರಿನ ತುದಿ ಕಂಡರೆ ಇನ್ನೂ ಖಚಿತ. ಗೊಬ್ಬರ ಕೊಡುವುದು, ಹೆಚ್ಚು ಬಿಸಿಲಿಗೆ ಸರಿಸುವುದು ಆ ಎರಡನೇ ಚಿಗುರಿನ ನಂತರ. ಮೊದಲು ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಪ್ರಮಾಣದ ದ್ರವ ಗೊಬ್ಬರ 15 ದಿನಕ್ಕೊಮ್ಮೆ, ಒಂದು ತಿಂಗಳ ಮೇಲೆ ಪೂರ್ಣ ಪ್ರಮಾಣ. ಬೇರು ಬಂದಿದೆಯೇ ಎಂದು ಮೋಟು ಹಿಡಿದು ಎಳೆದು ನೋಡುವುದಂತೂ ಬೇಡವೇ ಬೇಡ.

ಚಿಗುರುಗಳನ್ನು ಬಿಟ್ಟಷ್ಟೂ ಬೇರು ಬಲಿಯುತ್ತದೆ. ಒಂದಕ್ಕೆ ಮಾತ್ರ ವಿನಾಯಿತಿ: ಕಡಿತದ ಅಂಚಿನ ಒಂದೇ ಜಾಗದಿಂದ ಐದಾರು ಚಿಗುರು ಗುಂಪಾಗಿ ಬಂದರೆ, ಎರಡನೇ ಚಿಗುರಿನ ಹೊತ್ತಿಗೆ ಆ ಗುಂಪಿನಲ್ಲಿ ಎರಡು ಉಳಿಸಿ ಉಳಿದವನ್ನು ತೆಗೆಯಿರಿ. ಎಲ್ಲವೂ ಅಲ್ಲೇ ದಪ್ಪವಾದರೆ ಕಾಂಡದ ತಲೆ ಗದೆಯ ಹಾಗೆ ಊದಿಕೊಂಡು, ಕೆಳಗೆ ಸಣ್ಣ ಮೇಲೆ ದಪ್ಪ ಆಗಿಬಿಡುತ್ತದೆ. ಅದನ್ನು ಆಮೇಲೆ ಕೆತ್ತಿ ಸರಿಮಾಡುವುದು ಕಷ್ಟ.

ಮೇಲಿನ ಮೊಗ್ಗೆಲ್ಲ ಸುಮ್ಮನಿದ್ದು ಕೆಳಗೆ ಮಾತ್ರ ಚಿಗುರಿದರೆ, ಮೇಲಿನಿಂದ ಒಂದೊಂದೇ ಬೆರಳು ಕೆಳಗೆ ತೊಗಟೆ ಕೆರೆಯುತ್ತ ಬನ್ನಿ. ಹಸಿರು ಶುರುವಾಗುವ ಜಾಗ ಸಿಕ್ಕಿದರೆ ಗುರುತು ಹಾಕಿಡಿ, ಕತ್ತರಿಸುವುದು ಮುಂದಿನ ವರ್ಷ. ಮೋಟು ಲೆಕ್ಕಕ್ಕಿಂತ ಗಿಡ್ಡ ಆಯಿತು ಅಷ್ಟೆ, ಎತ್ತರದ ಲೆಕ್ಕವನ್ನು ಮತ್ತೆ ಹಾಕಿದರಾಯಿತು.

ಚಳಿಗಾಲಕ್ಕೆ ಒಂದು ಎಚ್ಚರ. ಟ್ರೈಡೆಂಟ್‌ನ ಬೇರು ನೀರು ತುಂಬಿದ ಮಾಂಸಲ ಬೇರು, ಮಂಜುಗಟ್ಟಿದರೆ ಒಡೆದು ಲೋಳೆಯಾಗುತ್ತದೆ. ತಾಪ ಸೊನ್ನೆಗಿಂತ 4-5 ಡಿಗ್ರಿ ಕೆಳಗೆ ಇಳಿಯುವ ಕಡೆ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಸುತ್ತ ಒಣ ಎಲೆ ರಾಶಿ ಹಾಕಿ, ಅಥವಾ ಬಿಸಿಮಾಡದ ಕೊಟ್ಟಿಗೆಯೊಳಗೆ ಇಡಿ.

ಕಾಂಡದ ಎರಡನೇ ತುಂಡು

ಎರಡನೇ ವರ್ಷ ಮುಂದಾಳು ಚಿಗುರನ್ನು, ಅಂದರೆ ಕಾಂಡದ ಮುಂದಿನ ತುಂಡಾಗಿ ಬೆಳೆಸುವ ಚಿಗುರನ್ನು, ಆರಿಸಬೇಕು. ಕಡಿತಕ್ಕೆ ಹತ್ತಿರ ಇರುವ, ಬುಡದ ಬಾಗಿಗೆ ಎದುರು ದಿಕ್ಕಿನ ಚಿಗುರು ಒಳ್ಳೆಯದು, ಆಗ ಕಾಂಡಕ್ಕೆ ಸಹಜವಾದ ತಿರುವು ಬರುತ್ತದೆ. ಅತಿ ದಪ್ಪದ್ದನ್ನೇ ಆರಿಸಬೇಕೆಂದಿಲ್ಲ. ಅದು ಇನ್ನೂ ಹಸಿರಿದ್ದಾಗ ತಂತಿ ಸುತ್ತಿ ಮೊದಲ 10-12 ಸೆಂ.ಮೀ.ಗೆ ಬಾಗು ಕೊಡಿ. ಬಲಿತ ಮೇಲೆ ಬಾಗಿಸಲು ಹೋದರೆ ಕವಲಿನಲ್ಲಿ ಸೀಳುತ್ತದೆ. ಬಾಗು ಕೊಟ್ಟ ಮೇಲಿನ ಭಾಗ ನೆಟ್ಟಗೆ ಆಕಾಶಕ್ಕೆ ಹೋಗಲಿ, ಒಂದೂವರೆ ಮೀಟರ್ ಆದರೂ ಮುಟ್ಟಬೇಡಿ. ಮೇಪಲ್‌ನ ತೊಗಟೆಗೆ ತಂತಿ ಬಹಳ ಬೇಗ ಕಚ್ಚುತ್ತದೆ, ಬೆಳವಣಿಗೆಯ ಕಾಲದಲ್ಲಿ ಮೂರು ವಾರಕ್ಕೇ ಗುರುತು ಬೀಳಬಹುದು. ವಾರಕ್ಕೊಮ್ಮೆ ನೋಡಿ, ಬಿಗಿಯಾಗುತ್ತಿದ್ದರೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಬಿಚ್ಚಲು ಹೋದರೆ ಮೊಗ್ಗು ಮುರಿಯುತ್ತದೆ.

ಮುಂದಾಳು ಪೆನ್ಸಿಲ್ ದಪ್ಪವಾದ ಮೇಲೆ, ಬೇಸಿಗೆಯ ಶುರುವಿನಲ್ಲಿ, ಆ ಓರೆ ಕಡಿತ ಮಾಡಿ. ಮುಂದಾಳಿನ ಬೆನ್ನ ಹಿಂದಿನಿಂದ ಶುರುವಾಗಿ ಎದುರು ಪಕ್ಕಕ್ಕೆ ಸುಮಾರು 30-40 ಡಿಗ್ರಿ ಇಳಿಯಲಿ. ತುಂಬ ಕಡಿದಾಗಿ ಇಳಿಸಿದರೆ ಮುಂದಾಳಿನ ಹಿಡಿತವೇ ಸಡಿಲವಾಗುತ್ತದೆ. ಗಾಯದ ನಡುವನ್ನು ತಟ್ಟೆಯಂತೆ ತುಸು ಒಳಕ್ಕೆ ಕೆತ್ತಿ. ಸುತ್ತಲಿಂದ ತೊಗಟೆ ಬೆಳೆದು ಕೂಡಿದಾಗ ಉಬ್ಬದೆ ಸಮಕ್ಕೆ ಬರುವುದು ಇದರಿಂದ.

ಪೇಸ್ಟಿನ ಕೆಳಗೆ ಗಾಯದ ಅಂಚಿನಲ್ಲಿ ಬಳೆಯಂತೆ ದುಂಡಗೆ, ತಿಳಿ ಹಸಿರು ಬಣ್ಣದ ಉಬ್ಬು ಬರುತ್ತದೆ. ಅದು ಕ್ಯಾಲಸ್. ಮೊದಲ ವರ್ಷ ಹುರುಪಿನಿಂದ ಒಳಕ್ಕೆ ಉರುಳುತ್ತ ಬಂದು, ಆಮೇಲೆ ಮೇಲೆ ತೊಗಟೆ ಗಟ್ಟಿಯಾಗಿ ಸೋಮಾರಿಯಾಗುತ್ತದೆ. ವರ್ಷಕ್ಕೊಮ್ಮೆ, ಮೊದಲ ಚಿಗುರು ಬಲಿತಾಗ, ಅದರ ಒಳ ಅಂಚನ್ನು ಚಾಕುವಿನಿಂದ 1-2 ಮಿ.ಮೀ. ಸವರಿ ಹಸಿರು ಮಾಡಿ ಮತ್ತೆ ಪೇಸ್ಟ್ ಹಚ್ಚಿದರೆ ಪುನಃ ಉರುಳಲು ಶುರು. ಗಾಯದ ಪಕ್ಕದಲ್ಲೇ ಒಂದು ಬಲಿ ಕೊಂಬೆ ಬಿಟ್ಟರೆ, ಅಂದರೆ ಮುಂದೆ ತೆಗೆಯುವುದಕ್ಕೆಂದೇ ಉದ್ದ ಬೆಳೆಸಿದ ಕೊಂಬೆ, ಆ ಪಕ್ಕ ಇನ್ನೂ ಬೇಗ ಮುಚ್ಚುತ್ತದೆ.

ಮುಂದಾಳಿನ ಬುಡ, ಕಡಿದ ಜಾಗದ ಕಾಂಡದ ಮೂರನೇ ಎರಡು ಭಾಗದಷ್ಟು ದಪ್ಪವಾಗುವವರೆಗೆ ಕಾಯಬೇಕು. ಅಲ್ಲಿ ಕಾಂಡ 7 ಸೆಂ.ಮೀ. ಇದ್ದರೆ ಮುಂದಾಳು ಸುಮಾರು 4.5 ಸೆಂ.ಮೀ. ನೆಲದಲ್ಲಿ ಅಥವಾ ದೊಡ್ಡ ಪೆಟ್ಟಿಗೆಯಲ್ಲಿ ಇದಕ್ಕೆ ಮೂರರಿಂದ ಐದು ವರ್ಷ. ಹಾಗಾಗಿ ಬೇರು ತುಂಬಿದ ಎರಡನೇ ಅಥವಾ ಮೂರನೇ ವರ್ಷದಲ್ಲಿ, ಹಲಗೆಯ ಸಮೇತ ನೆಲಕ್ಕೆ ಇಳಿಸುವುದು ಲಾಭ. ಈಗ ದೊಡ್ಡ ಜಾಗವನ್ನು ಬಳಸುವ ಬೇರು ಅದಕ್ಕಿದೆ. ಸಾರಜನಕ ಹೆಚ್ಚಿರುವ ಗೊಬ್ಬರ ಧಾರಾಳವಾಗಿ ಕೊಡಿ. ದಪ್ಪ ಬಂದ ಮೇಲೆ 12 ಸೆಂ.ಮೀ.ಗೆ, ಒಂದು ಗೆಣ್ಣಿನ ಮೇಲೆ ಕತ್ತರಿಸಿ. ಮತ್ತೆ ಅದೇ ಕ್ರಮ. ಇಲ್ಲಿ ಜನ ಸೋಲುವುದು ಕಾಯಲಾರದೆ. ಮುಂದಾಳು ಬೆರಳು ದಪ್ಪ ಇದ್ದಾಗಲೇ ಕತ್ತರಿಸಿಬಿಟ್ಟರೆ ದಪ್ಪ ಮೋಟಿನ ಮೇಲೆ ಕಡ್ಡಿ ಚುಚ್ಚಿದ ಹಾಗೆ ಕಾಣುತ್ತದೆ, ಸಣ್ಣ ಕುಂಡಕ್ಕೆ ಹೋದ ಮೇಲೆ ಅದು ದಪ್ಪವಾಗುವುದೇ ಇಲ್ಲ.

ಬೇರು ಇಲ್ಲದ ಪಕ್ಕ, ಕೊಂಬೆ ಇಲ್ಲದ ಜಾಗ

ನೆಬಾರಿಯಲ್ಲಿ ಒಂದು ಪಕ್ಕ ಖಾಲಿ ಇದ್ದರೆ ಅದೇ ಜಾತಿಯ ಸಸಿ ತಂದು ಕಸಿ ಮಾಡಿ. 4-5 ಮಿ.ಮೀ. ದಪ್ಪದ ಸಸಿ ಸಾಕು. ವಸಂತದ ಶುರುವಿನಲ್ಲಿ ಬುಡದಲ್ಲಿ ಸಸಿಯ ದಪ್ಪಕ್ಕೆ ಸರಿಯಾಗಿ ಒಂದು ತೋಡು ಕೊರೆದು, ಸಸಿಯ ತೊಗಟೆಯನ್ನು ಎರಡೂ ಪಕ್ಕ ಸವರಿ, ಎರಡರ ಹಸಿರು ಪದರ ಒಂದಕ್ಕೊಂದು ತಾಗುವಂತೆ ಕೂರಿಸಿ. ಸಣ್ಣ ಮೊಳೆ ಹೊಡೆದು ಅಲುಗದಂತೆ ಮಾಡಿ ಪೇಸ್ಟ್ ಹಚ್ಚಿ. ಸಸಿಯ ಬೇರು ನೆಬಾರಿಯ ಮಟ್ಟದಲ್ಲೇ ಹೊರಕ್ಕೆ ಚಾಚಿರಲಿ, ತಲೆ ಸ್ವತಂತ್ರವಾಗಿ ಬೆಳೆಯಲಿ. ಎರಡು ಬೆಳವಣಿಗೆ ಕಾಲದಲ್ಲಿ ಬೆಸೆದುಕೊಳ್ಳುತ್ತದೆ. ಆಗ ಕಸಿಯ ಮೇಲಿನ ತಲೆಯನ್ನು ಕತ್ತರಿಸಿದರೆ ಉಳಿಯುವುದು ಮೋಟಿನ ಹೊಸ ಬೇರು.

ಕೊಂಬೆ ಬೇಕಾದಲ್ಲಿ ಮೊಗ್ಗು ಬರದಿದ್ದರೆ ದಾರದ ಕಸಿ. ಚಳಿಗಾಲದ ಕೊನೆಗೆ, ಮೊಗ್ಗು ಉಬ್ಬುವ ಮೊದಲು, ಅದೇ ಮರದ ಉದ್ದನೆಯ ಎಳೆ ಕೊಂಬೆಯೊಂದನ್ನು ಬಾಗಿಸಿ ತನ್ನಿ. ಕಾಂಡದಲ್ಲಿ ಅದರ ಮೊಗ್ಗು ತರಚದೆ ಹಾಯುವಷ್ಟೇ ತೂತು ಕೊರೆದು, ಹಿಂದಿನಿಂದ ಮುಂದಕ್ಕೆ ಪೋಣಿಸಿ. ಹೊರಬಂದ ಕಡೆ ಒಂದು ಗೆಣ್ಣು ಕಾಂಡಕ್ಕೆ ಅಂಟಿಕೊಂಡಂತೆ ನಿಲ್ಲಿಸಿ, ಎರಡೂ ಬಾಯಿಗೆ ಪೇಸ್ಟ್. ಹೊರಬಂದ ಭಾಗ ಒಳಹೋದ ಭಾಗಕ್ಕಿಂತ ಕಣ್ಣಿಗೆ ಕಾಣುವಷ್ಟು ದಪ್ಪವಾದಾಗ ಅದು ಕಾಂಡದಿಂದಲೇ ಉಣ್ಣುತ್ತಿದೆ ಎಂದರ್ಥ. ಆಮೇಲೆ ಹಿಂದಿನ ಭಾಗ ಕತ್ತರಿಸಿ. ದಪ್ಪದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಇನ್ನೊಂದು ವರ್ಷ ಬಿಡಿ.

ಕೊಂಬೆ, ರೆಂಬೆ, ಎಲೆ

ಕಾಂಡದ ಮೂರನೇ ತುಂಡು ಬೆಳೆಯುತ್ತಿರುವಾಗಲೇ ಕೆಳಗಿನ ಕೊಂಬೆಗಳನ್ನು ಶುರು ಮಾಡಬಹುದು. ಮೇಪಲ್ ತನ್ನ ಬಲವನ್ನೆಲ್ಲ ತುದಿಗೆ ಕಳಿಸುವ ಮರ. ಮೇಲಿನದನ್ನು ಹಾಗೆಯೇ ಬಿಟ್ಟು ಕೆಳಗಿನ ಕೊಂಬೆಯನ್ನು ಕತ್ತರಿಸುತ್ತಿದ್ದರೆ ಕೆಳಗಿನದು ಒಂದು ದಿನ ಸುಮ್ಮನೆ ಒಣಗುತ್ತದೆ. ಕೆಳಗಿನ ಕೊಂಬೆಯನ್ನು ಬೇಕಾದ ದಪ್ಪ ಬರುವವರೆಗೆ ಉದ್ದಕ್ಕೆ ಬಿಡಿ, ಮೇಲಿನವನ್ನು ಗಿಡ್ಡಕ್ಕೆ ಇಡಿ. ದಪ್ಪ ಬಂದ ಮೇಲೆ ಮೊದಲ ಗೆಣ್ಣಿಗೆ ಕತ್ತರಿಸಿ, ಅಲ್ಲಿಂದ ಬರುವ ಜೋಡಿಯನ್ನು ಎರಡು ಕವಲಾಗಿ ಬೆಳೆಸಿ, ಅವುಗಳನ್ನು ಮತ್ತೆ ಮೊದಲ ಗೆಣ್ಣಿಗೆ. ಮೇಲ್ಮುಖ ಮತ್ತು ಕೆಳಮುಖದ ಮೊಗ್ಗು ತೆಗೆದು ಪಕ್ಕದವನ್ನು ಉಳಿಸಿ. ಮೊದಲ ಗೆಣ್ಣೇ ಎರಡು ಬೆರಳು ದೂರ ಇದ್ದರೆ ಆ ಚಿಗುರು ರೆಂಬೆಗೆ ಬಾರದು, ಬುಡಕ್ಕೇ ತೆಗೆದು ಇನ್ನೊಂದಕ್ಕೆ ಕಾಯಿರಿ. ಈ ಹಂತದಿಂದ ವಸಂತದ ಮೊದಲ ಚಿಗುರು ಬಲಿಯುವವರೆಗೆ ಗೊಬ್ಬರ ನಿಲ್ಲಿಸಿದರೆ ಗೆಣ್ಣುಗಳು ಹತ್ತಿರ ಬರುತ್ತವೆ.

ಚಿಗುರಿನ ಮೊದಲ ಜೋಡಿ ಬಿಚ್ಚುವಾಗ ನಡುವಿನ ಎಳೆ ತುದಿಯನ್ನು ಚಿಮಟದಿಂದ ತೆಗೆಯುವುದು, ಬೇಸಿಗೆಯ ಶುರುವಿನಲ್ಲಿ ಎಲೆ ಕತ್ತರಿಸಿ ಸಣ್ಣ ಎಲೆ ತರಿಸುವುದು, ಇವೆರಡೂ ಕೊಂಬೆಯ ರೂಪ ಮುಗಿದ ಮರಕ್ಕೆ ಮಾತ್ರ. ಎರಡೂ ಮರವನ್ನು ದುರ್ಬಲ ಮಾಡುವುದರಿಂದಲೇ ಕೆಲಸ ಮಾಡುತ್ತವೆ. ದಪ್ಪ ಬೆಳೆಸುವ ಹಂತದಲ್ಲಿ ಹೀಗೆ ಮಾಡಿದರೆ ವರ್ಷದ ಬೆಳವಣಿಗೆ ದಂಡ. ಎಲೆ ಕತ್ತರಿಸುವಾಗ ತೊಟ್ಟು ಉಳಿಸಿ, ಅದರ ಕಂಕುಳಲ್ಲಿ ಮುಂದಿನ ಮೊಗ್ಗು ಇದೆ. ಬಲವಾದ ಟ್ರೈಡೆಂಟ್‌ಗೆ ಪೂರ್ತಿ ತೆಗೆಯಬಹುದು. ಜಪಾನೀಸ್ ಮೇಪಲ್‌ಗೆ ಪ್ರತಿ ಜೋಡಿಯಲ್ಲಿ ಒಂದು ಎಲೆ ಮಾತ್ರ. ಕುಂಡ ಬದಲಿಸಿದ ವರ್ಷ ಯಾವುದಕ್ಕೂ ಬೇಡ.

ಕಾಯಿಲೆಯ ಲಕ್ಷಣ

ಎಲೆಯ ತುದಿ, ಅಂಚು ಕಂದಾಗಿ ಗರಿಗರಿಯಾದರೆ ಬಿಸಿಗಾಳಿ, ಸುಡುಬಿಸಿಲು ಅಥವಾ ನೀರಿನಲ್ಲಿ ಲವಣ ಹೆಚ್ಚು. ಮಧ್ಯಾಹ್ನಕ್ಕೆ ನೆರಳು ಮಾಡಿ, ಸಿಕ್ಕಿದರೆ ಮಳೆ ನೀರು ಹಾಕಿ. ಎಳೆ ಚಿಗುರು ಮುದುಡಿ ಅಂಟಂಟಾಗಿದ್ದರೆ ಹೇನು ಹತ್ತಿದೆ, ನೀರಿನ ರಭಸಕ್ಕೇ ಬಹಳಷ್ಟು ಹೋಗುತ್ತದೆ. ತಂಪು, ಒದ್ದೆ ವಸಂತದಲ್ಲಿ ಜಪಾನೀಸ್ ಮೇಪಲ್‌ನ ರೆಂಬೆ ಕಪ್ಪಾಗಿ ಕೆಳಗಿಳಿಯುತ್ತಿದ್ದರೆ ಒಣ ದಿನ ನೋಡಿ ಜೀವಂತ ಭಾಗದವರೆಗೆ ಕತ್ತರಿಸಿ. ಹೆದರಬೇಕಾದ್ದು ವರ್ಟಿಸಿಲಿಯಂ ಬಾಡು ರೋಗಕ್ಕೆ. ನಡುಬೇಸಿಗೆಯಲ್ಲಿ ಒಂದೇ ಕೊಂಬೆ ಎಲೆ ಸಮೇತ ಬಾಡುತ್ತದೆ. ಅಡ್ಡ ಕೊಯ್ದು ನೋಡಿದರೆ ತೊಗಟೆಯ ಒಳಗಿನ ಮರದಲ್ಲಿ ಕಪ್ಪು ಹಸಿರು ಅಥವಾ ಕಂದು ಚುಕ್ಕಿಗಳ ಬಳೆ ಕಾಣುತ್ತದೆ. ಇದು ಮಣ್ಣಿನಿಂದ ಬೇರಿಗೆ ಬರುವ ಶಿಲೀಂಧ್ರ, ಔಷಧಿಯಿಲ್ಲ. ಆ ಕೊಂಬೆ ತೆಗೆದು ಮರವನ್ನು ಬೇರೆಯವುಗಳಿಂದ ದೂರ ಇಡಿ, ಆ ಪೆಟ್ಟಿಗೆಯ ಮಿಶ್ರಣವನ್ನು ಮತ್ತೆ ಬಳಸಬೇಡಿ.

ಕುಂಡಕ್ಕೆ

ಕೊನೆಯ ದೊಡ್ಡ ಗಾಯ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಮುಚ್ಚಿದ ಮೇಲೆಯೇ ಕುಂಡದ ಯೋಚನೆ ಮಾಡಿ, ಕುಂಡದಲ್ಲಿ ಗಾಯ ಮುಚ್ಚುವ ವೇಗ ತೀರಾ ಇಳಿಯುತ್ತದೆ. ಹಲಗೆಯ ಸ್ಕ್ರೂ ಬಿಚ್ಚಿ, ಕೆಳಗಿನ ಬೇರು ಚಪ್ಪಟೆಯಾಗಿ ಕೊಯ್ದು, ಮೊದಲು ಬುಡದ ದಪ್ಪದಷ್ಟೇ ಆಳದ ಕುಂಡಕ್ಕೆ ಹಾಕಿ, ಮೊದಲ ದಿನದಂತೆಯೇ ತಂತಿಯಿಂದ ಬಿಗಿಯಿರಿ. ಅಲ್ಲಿಂದ ಮುಂದೆ ಎರಡು ಮೂರು ವರ್ಷಕ್ಕೊಮ್ಮೆ, ಮೊಗ್ಗು ಉಬ್ಬುವ ಅದೇ ವಾರಗಳಲ್ಲಿ, ಬೇರು ಬಿಡಿಸಿ ಮೂರನೇ ಒಂದು ಭಾಗ ಕತ್ತರಿಸಿ ಹೊಸ ಮಿಶ್ರಣ ಕೊಡಿ. ನೀರು ಹಾಕಿದಾಗ ಮೇಲೆಯೇ ನಿಂತು ನಿಧಾನ ಇಳಿಯುತ್ತಿದ್ದರೆ ಆ ವರ್ಷವೇ ಮಾಡಿ, ಮುಂದಕ್ಕೆ ಹಾಕಬೇಡಿ.